ತಲೆಬಿಸಿಯೂ ಸ್ವಪ್ರಯತ್ನವೂ



ಮೈಸೂರು ಸೀಮೆಯವರು ಚಿಂತೆ ಎನ್ನುವ ಕಡೆಯಲ್ಲಿ ಕರಾವಳಿಯವರು ತಲೆಬಿಸಿ ಎನ್ನುತ್ತಾರೆ; ಕೆಲವು ಮನೆಗಳಲ್ಲಿ ಅದೇ ಮಂಡೆಬಿಸಿ. ಸಾಲದ ಕಂತು ಬಾಕಿ ನಿಂತರೆ ತಲೆಬಿಸಿ. ಮಗಳಿಗೆ ಸಂಬಂಧ ಕೂಡಿಬಾರದಿದ್ದರೆ ತಲೆಬಿಸಿ. ಕುಮಟೆಯ ಬಸ್ಸು ಕಾಲು ಗಂಟೆ ತಡವಾದರೂ ತಲೆಬಿಸಿಯೇ. ಒಂದೇ ಮಾತನ್ನು ಇಷ್ಟು ಕೆಲಸಗಳಿಗೆ ದುಡಿಸಿಕೊಂಡುದರಿಂದ ಅದರ ತೂಕವೇ ನಮಗೆ ತಿಳಿಯದಂತಾಗಿದೆ. ಬಹುಮಂದಿಯ ತಲೆಬಿಸಿ ಸಂಜೆಯೊಳಗೆ ಆರುತ್ತದೆ. ಕೆಲವರದು ಆರುವುದಿಲ್ಲ. ಅಂಥವರಿಗೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತದು; ಮೀನಿನ ಸಾರೂ ಸಪ್ಪೆ, ಮಕ್ಕಳ ಮಾತೂ ಕಿರಿಕಿರಿ; ಎತ್ತಿಕೊಂಡ ಕೆಲಸ ಕೈಯಲ್ಲೇ ಉಳಿಯುತ್ತದೆ. ಹೀಗೆ ಎರಡು ವಾರ, ಎರಡು ತಿಂಗಳು ಕಳೆದರೂ ಕೇಳಿದವರಿಗೆ ಅವರು ಹೇಳುವುದು ಅದೇ ಮಾತು: "ಏನಿಲ್ಲ, ಸ್ವಲ್ಪ ತಲೆಬಿಸಿ." ಇವರ ಸಲುವಾಗಿ, ಅದರಲ್ಲಿಯೂ ಚಿಕಿತ್ಸೆಯ ವೆಚ್ಚವನ್ನು ತೆರಲಾರದವರ ಸಲುವಾಗಿ, ನಾವು ಈ ಹೊತ್ತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು. ಇಷ್ಟರೊಳಗೆ ಎಷ್ಟು ಬಗೆಯ ಬಾಳು ಅಡಗಿದೆಯೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಹೊನ್ನಾವರದ ಬಳಿ ಶರಾವತಿ ಕಡಲನ್ನು ಸೇರುವ ಎಡೆಯಲ್ಲಿ ಮೀನುಗಾರರ ಕೇರಿಗಳಿವೆ. ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿರುವುದರಿಂದ ಆ ಎರಡು ತಿಂಗಳು ಸಂಪಾದನೆ ನಿಲ್ಲುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಭಟ್ಕಳದ ನವಾಯತರ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ತಂದೆಯ ಮುಖವನ್ನು ಮಕ್ಕಳು ದೂರವಾಣಿಯ ಗಾಜಿನಲ್ಲಿ ನೋಡಿ ಬೆಳೆಯುತ್ತಾರೆ. ಒಳನಾಡಿನ ಅಡಕೆಯ ತೋಟಗಳ ನಡುವೆ ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರೇ ವೃದ್ಧರು, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಒಂದೊಂದು ಮನೆಗೂ ಅದರದೇ ಆದ ತಲೆಬಿಸಿ. ಜೂನ್ ತಿಂಗಳು ಬಂತೆಂದರೆ ಇವೆಲ್ಲದರ ಮೇಲೂ ಮಳೆ. ಹತ್ತು ದಿನ ಬಿಸಿಲು ಕಾಣದೆ, ಬಟ್ಟೆ ಒಣಗದೆ, ನೆರೆಮನೆಗೂ ಹೋಗಲಾಗದೆ ಕುಳಿತವನ ಮನಸ್ಸು ತನ್ನನ್ನು ತಾನೇ ಮೆಲ್ಲತೊಡಗುತ್ತದೆ.

ಪಟ್ಟಣಗಳಲ್ಲಿ ಇಂಥ ಕ್ಲೇಶಕ್ಕೆ ಮಾತಿನ ಚಿಕಿತ್ಸೆ ಎಂಬುದೊಂದುಂಟು. ಅದನ್ನು ಕಾಣದವರು ಬುದ್ಧಿವಾದವೆಂದೋ ವಶೀಕರಣವೆಂದೋ ಭಾವಿಸುವುದುಂಟು. ಎರಡೂ ಅಲ್ಲ. ಅಮೆರಿಕದ ಏರನ್ ಬೆಕ್ ಎಂಬ ವೈದ್ಯರು ೧೯೬೦ರ ದಶಕದಲ್ಲಿ ರೂಪಿಸಿದ ಪದ್ಧತಿಯನ್ನೇ ನೋಡಿ. ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಗಂಟೆ. ಚಿಕಿತ್ಸಕನು ಕೇಳುತ್ತಾನೆ, ರೋಗಿ ಹೇಳುತ್ತಾನೆ. ಯಾವ ಹೊತ್ತಿನಲ್ಲಿ ಮನಸ್ಸು ಕುಸಿಯಿತು, ಆಗ ಯಾವ ವಿಚಾರ ಸುಳಿಯಿತು, ಆ ವಿಚಾರ ಎಷ್ಟರಮಟ್ಟಿಗೆ ನಿಜ ಎಂದು ಇಬ್ಬರೂ ಕೂಡಿ ಪರೀಕ್ಷಿಸುತ್ತಾರೆ. ಶಾಲೆಯ ಹುಡುಗರಿಗೆ ಕೊಡುವಂತೆ ಮನೆಗೆಲಸವನ್ನು ಕೊಟ್ಟು, ಮುಂದಿನ ವಾರ ಅದನ್ನು ತಿದ್ದುತ್ತಾರೆ. ಹೀಗೆ ಹನ್ನೆರಡೋ ಹದಿನಾರೋ ಬೈಠಕ್ಕುಗಳು. ನಮ್ಮನ್ನು ಕದಡುವುದು ಸಂಗತಿಗಳಿಗಿಂತ ಹೆಚ್ಚಾಗಿ ಅವುಗಳನ್ನು ಕುರಿತ ನಮ್ಮ ಎಣಿಕೆ ಎಂಬ ಗ್ರೀಕ್ ತತ್ತ್ವಜ್ಞಾನಿಗಳ ಹಳೆಯ ಮಾತು ಇದರ ಬುನಾದಿ. ಪದ್ಧತಿ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಣದಲ್ಲಿ ಒಂದೊಂದು ಬೈಠಕ್ಕಿಗೆ ಸಾವಿರ ರೂಪಾಯಿಯೋ ಅದಕ್ಕಿಂತ ಹೆಚ್ಚೋ ಆಗುತ್ತದೆ. ಮಣಿಪಾಲದಂಥ ಊರಿಗೆ ಭಟ್ಕಳದಿಂದ ಸುಮಾರು ೯೦ ಕಿಲೋಮೀಟರು, ಕುಮಟೆಯಿಂದ ೧೫೦. ಬಸ್ಸಿನ ಖರ್ಚು ಬೇರೆ, ತಪ್ಪಿದ ದಿನಗೂಲಿ ಬೇರೆ. ಬಸ್‌ನಿಲ್ದಾಣದಲ್ಲಿ ಕಂಡವರು "ಎತ್ಲಾಗೆ ಹೊರಟಿದ್ದು?" ಎಂದು ಕೇಳಿದರೆ ಕೊಡಬೇಕಾದ ಸುಳ್ಳುತ್ತರ ಮತ್ತೂ ಬೇರೆ. ಹದಿನಾರು ವಾರ ಹದಿನಾರು ಸುಳ್ಳು ಹೇಳಬಲ್ಲವನಿಗೆ ಚಿಕಿತ್ಸೆಯೇ ಬೇಕಾಗಿಲ್ಲವೇನೋ!

ದೂರದ ತೊಂದರೆ ಈ ಸೀಮೆಗೆ ಹೊಸತಲ್ಲ. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಕನ್ನಡ ಭಾಗದಲ್ಲಿ ಮನೋರೋಗಿಗಳಿಗಾಗಿ ಇದ್ದುದು ೧೮೪೫ರಲ್ಲಿ ಆರಂಭವಾದ ಧಾರವಾಡದ ಆಸ್ಪತ್ರೆ. "ಧಾರವಾಡಕ್ಕೆ ಕಳಿಸಬೇಕು" ಎಂದರೆ ಹುಚ್ಚನೆಂದು ಮುದ್ರೆ ಬಿದ್ದ ಹಾಗೆ. ಹೀಗೆ ಒಂದು ತುದಿಯಲ್ಲಿ ಘಟ್ಟದಾಚೆಯ ಆಸ್ಪತ್ರೆ, ಇನ್ನೊಂದು ತುದಿಯಲ್ಲಿ "ಏನಿಲ್ಲ, ಸ್ವಲ್ಪ ತಲೆಬಿಸಿ". ನಡುವೆ ಏನೂ ಇಲ್ಲ. ಈ ನಡುವಿನ ಬಯಲು ನಾಡಿನಲ್ಲೆಲ್ಲ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಖಿನ್ನತೆ, ಕಳವಳ ಮೊದಲಾದ ಸಾಮಾನ್ಯ ಮನೋವ್ಯಾಧಿಗಳಿಂದ ಬಳಲುವವರಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಯಾವ ಚಿಕಿತ್ಸೆಯೂ ದೊರೆಯುತ್ತಿಲ್ಲವೆಂದು ತಿಳಿದುಬಂತು.

ಹೀಗಿರಲಾಗಿ, ಚಿಕಿತ್ಸಕನ ಆ ಒಂದು ಗಂಟೆಯಲ್ಲಿ ಇರುವುದೇನು, ಅದರಲ್ಲಿ ಎಷ್ಟನ್ನು ಮನೆಗೆ ತಂದುಕೊಳ್ಳಬಹುದು ಎಂಬುದು ವಿಚಾರಿಸತಕ್ಕ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಅಲ್ಲಿರುವುದು ಮುಖ್ಯವಾಗಿ ಎರಡು: ಒಂದು ಕ್ರಮ, ಒಂದು ಕಿವಿ. ಗುಪ್ತವಿದ್ಯೆಯೇನೂ ಇಲ್ಲ. ಬಡವನಿಗೆ ಇಲ್ಲದಿರುವುದು ಮನಶ್ಶಾಸ್ತ್ರದ ಜ್ಞಾನಕ್ಕಿಂತ ಹೆಚ್ಚಾಗಿ, ತಪ್ಪದೆ ಬರುವ ಆ ಬುಧವಾರದ ನಾಲ್ಕು ಗಂಟೆ ಮತ್ತು ಮಧ್ಯೆ ಬಾಯಿ ಹಾಕದೆ ಕೇಳುವ ಒಬ್ಬ ಮನುಷ್ಯ.

ಇದು ನಮ್ಮ ಊಹೆಯ ಮಾತಲ್ಲ. ಉತ್ತರ ಕನ್ನಡದ ನೆರೆಯ ಗೋವೆಯಲ್ಲಿ ವಿಕ್ರಮ ಪಟೇಲ್ ಮೊದಲಾದವರು ೧೯೯೬ರಲ್ಲಿ ಸ್ಥಾಪಿಸಿದ ಸಂಗಾತ್ ಎಂಬ ಸಂಸ್ಥೆಯಿದೆ. ಅವರು ಮನೋವೈದ್ಯರಲ್ಲದ, ಆ ಊರಿನವರೇ ಆದ ಸಾಮಾನ್ಯ ಜನರಿಗೆ ಕೆಲವು ವಾರಗಳ ಶಿಕ್ಷಣ ಕೊಟ್ಟು, ಸರ್ಕಾರಿ ಪ್ರಾಥಮಿಕ ಆರೋಗ್ಯಕೇಂದ್ರಗಳಿಗೆ ಬರುವ ಖಿನ್ನರೊಡನೆ ಆರರಿಂದ ಎಂಟು ಸಲ, ಒಂದೊಂದು ಸಲಕ್ಕೆ ಅರ್ಧಗಂಟೆಯ ಮೇಲೆ, ಕುಳಿತು ಮಾತನಾಡಿಸಿದರು. ಹೇಳಿಕೊಟ್ಟದ್ದು ಇಷ್ಟೆ: ಬಿಟ್ಟುಹೋದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವುದು. ೨೦೧೭ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ತಿಂಗಳಲ್ಲಿ ಹೀಗೆ ಮಾತನಾಡಿಸಿದವರ ಪೈಕಿ ನೂರಕ್ಕೆ ೬೪ ಮಂದಿ ಗುಣಕಂಡಿದ್ದರು. ಬರಿಯ ವಾಡಿಕೆಯ ಉಪಚಾರ ಪಡೆದವರಲ್ಲಿ ೩೯ ಮಂದಿ. ಇನ್ನೂ ದೂರದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಂಡಾ ಎಂಬ ವೈದ್ಯರು ೨೦೦೬ರಲ್ಲಿ ಅಜ್ಜಿಯರಿಗೆ ಈ ಕೆಲಸವನ್ನು ಕಲಿಸತೊಡಗಿದರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಒಬ್ಬ ಅಜ್ಜಿ, ಪಕ್ಕದಲ್ಲಿ ದುಃಖಿ. ಆ ದೇಶದ ಶೋನಾ ಭಾಷೆಯಲ್ಲಿ ಈ ವ್ಯಾಧಿಗೆ 'ಕುಫುಂಗಿಸಿಸಾ' ಎಂದು ಹೆಸರು. ಅರ್ಥ, ಅತಿಯಾಗಿ ಯೋಚಿಸುವುದು. ನಮ್ಮ ಕರಾವಳಿಯ ತಲೆಬಿಸಿಗೆ ಇದಕ್ಕಿಂತ ಹತ್ತಿರದ ನಂಟ ಬೇರೆಲ್ಲಿ ಸಿಕ್ಕೀತು? ೨೪ ಆಸ್ಪತ್ರೆಗಳಲ್ಲಿ ೫೭೩ ಮಂದಿಯನ್ನು ಸೇರಿಸಿಕೊಂಡು ನಡೆಸಿದ ಪರೀಕ್ಷೆಯ ಫಲ ೨೦೧೬ರಲ್ಲಿ ಪ್ರಕಟವಾಯಿತು. ಅಜ್ಜಿಯರ ಬೆಂಚಿನಲ್ಲಿ ಕುಳಿತವರು ಆರು ತಿಂಗಳ ಮೇಲೆ ಉಳಿದವರಿಗಿಂತ ಬಹಳ ಮೇಲಾಗಿದ್ದರು.

ಇನ್ನು ಮನೆಯಲ್ಲಿ ಮಾಡತಕ್ಕದ್ದನ್ನು ನೋಡೋಣ. ಹೊನ್ನಾವರದ ಹೊಳೆಯಾಚೆ ಒಬ್ಬ ಗೃಹಿಣಿ ಇದ್ದಾಳೆಂದು ಭಾವಿಸಿಕೊಳ್ಳಿ. ದೋಣಿ ದಡದ ಮೇಲಿದೆ, ಗಂಡ ಮಾತಿಲ್ಲದೆ ಕುಳಿತಿದ್ದಾನೆ, ಸೊಸೈಟಿಯ ಸಾಲವಿದೆ. ಆಕೆ ಮೊದಲು ಹೂ ಕಟ್ಟುವುದನ್ನು ಬಿಟ್ಟಳು. ಆಮೇಲೆ ಅಕ್ಕನ ಮನೆಗೆ ಹೋಗುವುದನ್ನು, ಆಮೇಲೆ ತಲೆ ಬಾಚಿಕೊಳ್ಳುವುದನ್ನು. ಮನಸ್ಸು ಸರಿಯಾದ ಮೇಲೆ ಇವನ್ನೆಲ್ಲ ಮಾಡೋಣವೆಂದು ಆಕೆಯ ಎಣಿಕೆ. ಇಲ್ಲಿಯೇ ತೊಡಕು. ಬಿಟ್ಟಷ್ಟೂ ಬಾಳು ಬಡವಾಗುತ್ತದೆ, ಬಡವಾದಷ್ಟೂ ಮನಸ್ಸು ಕುಸಿಯುತ್ತದೆ, ಕುಸಿದಷ್ಟೂ ಇನ್ನಷ್ಟು ಬಿಡುತ್ತಾಳೆ. ಚಿಕಿತ್ಸೆ ಈ ಗಾಣವನ್ನು ಹಿಂದುಮುಂದಾಗಿ ತಿರುಗಿಸುತ್ತದೆ: ಮನಸ್ಸಿಗಾಗಿ ಕಾಯದೆ ಕೈಯನ್ನು ಮೊದಲು ಆಡಿಸುವುದು. ಮಕ್ಕಳ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳು ಸಾಕು. ಒಂದು ವಾರ, ಯಾವ ಹೊತ್ತಿನಲ್ಲಿ ಏನು ಮಾಡಿದೆ, ಆಗ ಮನಸ್ಸು ಹತ್ತರಲ್ಲಿ ಎಷ್ಟು ಎಂದು ಬರೆಯಬೇಕು. ಓದುಬರಹ ಬಾರದಿದ್ದರೆ ಮಗಳು ಬರೆಯಲಿ, ಇಲ್ಲವೆ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಲಿ. ಬಾವಿಕಟ್ಟೆಯಲ್ಲಿ ನೆರೆಯವಳೊಡನೆ ನಿಂತ ಹತ್ತು ನಿಮಿಷದ ಎದುರಿಗೆ ಎರಡಲ್ಲ, ನಾಲ್ಕು ಎಂದು ಬಿದ್ದಿರುವುದನ್ನು ಆಕೆ ತಾನೇ ಕಾಣುತ್ತಾಳೆ. ಎರಡನೆಯ ವಾರ ಅಂಥ ಎರಡು ಸಣ್ಣ ಕೆಲಸಗಳಿಗೆ ದಿನ ಮತ್ತು ಗಂಟೆಯನ್ನು ಗೊತ್ತುಮಾಡಿಕೊಳ್ಳಬೇಕು. ಸಣ್ಣದೆಂದರೆ ನಿಜವಾಗಿ ಸಣ್ಣದು: ಒಂದು ಮೊಳ ಹೂವು, ಒಂದು ಮಾಲೆಯಲ್ಲ. ಮನಸ್ಸು ಬಂದರೂ ಬಾರದಿದ್ದರೂ ಆ ಗಂಟೆಗೆ ಅದನ್ನು ಮಾಡುವುದು. ನೋಡುವುದಕ್ಕೆ ಇದು ಮಕ್ಕಳಾಟದಂತಿದೆ. ಗೋವೆಯ ಪರೀಕ್ಷೆಯಲ್ಲಿ ಗೆದ್ದದ್ದು ಮುಖ್ಯವಾಗಿ ಈ ಮಕ್ಕಳಾಟವೇ.

ರಾತ್ರಿಯ ಯೋಚನೆಗೆ ಬೇರೆ ಉಪಾಯವಿದೆ. ಯೋಚಿಸಬೇಡವೆಂದು ಮನಸ್ಸಿಗೆ ಹೇಳುವುದು ವ್ಯರ್ಥ. ಔಷಧ ಕುಡಿಯುವಾಗ ಕೋತಿಯನ್ನು ನೆನೆಯಬೇಡವೆಂದ ಕಥೆ ನಿಮಗೆಲ್ಲ ಗೊತ್ತು. ಅದರ ಬದಲು ತಲೆಬಿಸಿಗೇ ಒಂದು ಹೊತ್ತನ್ನು ಬಿಟ್ಟುಕೊಡಬೇಕು. ಸಂಜೆ ಐದೂವರೆಯಿಂದ ಆರು, ಜಗುಲಿಯ ಇಂಥ ಮೂಲೆ, ದಿನವೂ. ಉಳಿದ ವೇಳೆಯಲ್ಲಿ ಚಿಂತೆ ಬಂದರೆ ಒಂದು ಚೀಟಿಯಲ್ಲಿ ಅದರ ಹೆಸರನ್ನು ಬರೆದು "ಐದೂವರೆಗೆ ಬಾ" ಎನ್ನುವುದು. ಬೋರ್ಕೊವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸಂಗಡಿಗರೊಡನೆ ೧೯೮೩ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಆ ಅರ್ಧಗಂಟೆಯಲ್ಲಿ ಚೀಟಿಗಳನ್ನು ಎರಡು ಗುಂಪು ಮಾಡಬಹುದು. ನಮ್ಮ ಕೈಯಲ್ಲಿ ಇರುವುದು ಒಂದು, ಇಲ್ಲದ್ದು ಇನ್ನೊಂದು. ಮೀನುಗಾರಿಕೆ ಯಾವಾಗ ಆರಂಭವಾದೀತೆಂಬುದು ನಮ್ಮ ಕೈಯಲ್ಲಿಲ್ಲ. ಸೊಸೈಟಿಯ ಕಾರ್ಯದರ್ಶಿಯನ್ನು ಸೋಮವಾರ ಕಂಡು ಕಂತಿಗೆ ಅವಧಿ ಕೇಳುವುದು ನಮ್ಮ ಕೈಯಲ್ಲಿದೆ. ಜಿಂಬಾಬ್ವೆಯ ಅಜ್ಜಿಯರು ಮಾಡಿಸುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ: ಹಲವು ಕಷ್ಟಗಳಲ್ಲಿ ಒಂದನ್ನು ಆರಿಸು, ಅದಕ್ಕೆ ಮಾಡಬಹುದಾದುದನ್ನು ನೀನೇ ಹೇಳು, ಮಾಡಿ ಬಾ.

ಬಾಯಿಬಿಟ್ಟು ಹೇಳಲಾಗದ ದುಃಖವಿದ್ದವರು ಬರೆಯಬಹುದು. ಪೆನ್ನಿಬೇಕರ್ ಎಂಬವರು ೧೯೮೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಆಳದ ನೋವನ್ನು ಬರೆದರು. ಬರೆದ ಕೂಡಲೆ ಮನಸ್ಸು ಇನ್ನೂ ಭಾರವಾಗುವುದುಂಟು, ಹಗುರವಾಗುವುದು ಆಮೇಲೆ. ಎಲ್ಲರಿಗೂ ಒಗ್ಗದು, ಒಗ್ಗದವರು ಬಿಡಬಹುದು. ಬರೆದದ್ದನ್ನು ಒಲೆಗೆ ಹಾಕಿದರೂ ನಷ್ಟವಿಲ್ಲ.

ಕಿವಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ನಮ್ಮಲ್ಲಿ ಕೇಳುವವರಿಗೆ ಬರವಿಲ್ಲ, ಸುಮ್ಮನೆ ಕೇಳುವವರಿಗೆ ಬರ. ಎರಡು ವಾಕ್ಯ ಕೇಳುವುದರೊಳಗೆ ಒಬ್ಬರು ಇಡಗುಂಜಿಗೆ ಹರಕೆ ಹೇಳುತ್ತಾರೆ, ಇನ್ನೊಬ್ಬರು ತಮ್ಮ ನಾದಿನಿಯ ಕಥೆಯನ್ನು ಎತ್ತುತ್ತಾರೆ, ಮೂರನೆಯವರು "ಧೈರ್ಯ ಬೇಕು ಮಾರಾಯ" ಎನ್ನುತ್ತಾರೆ. ಧೈರ್ಯವಿದ್ದಿದ್ದರೆ ಅವನು ಇವರ ಹತ್ತಿರ ಏಕೆ ಬರುತ್ತಿದ್ದ? ಜತೆಗಾರರಾಗಲು ಒಪ್ಪಿದವರು ಒಂದು ನಿಯಮವನ್ನು ಪಾಲಿಸಿದರೆ ಸಾಕು. ಅರ್ಧಗಂಟೆ "ಹೌದಾ", "ಮತ್ತೆ?" ಎಂಬೆರಡು ಮಾತುಗಳಲ್ಲದೆ ಬೇರೇನೂ ಆಡಕೂಡದು, ಕೊನೆಗೆ ಆ ವಾರದ ನೋಟುಬುಕ್ಕನ್ನು ನೋಡಿ, ಮುಂದಿನ ವಾರಕ್ಕೆ ಏನೆಂದು ಕೇಳಬೇಕು. ಹಳ್ಳಿಗಳಲ್ಲಿ ವಾರವಾರ ಸೇರುವ ಸ್ತ್ರೀಶಕ್ತಿ ಸಂಘಗಳಿವೆ. ಅವುಗಳಲ್ಲಿ ದಿನ, ಗಂಟೆ, ಪುಸ್ತಕ ಎಲ್ಲವೂ ಸಿದ್ಧವಾಗಿವೆ. ಆದರೆ ಇಡೀ ಸಂಘದೆದುರಿಗೆ ಮನಸ್ಸನ್ನು ಬಿಚ್ಚುವುದು ಜಾಣತನವೆಂದು ನಮಗೆ ತೋರುವುದಿಲ್ಲ. ಇಂದು ಸಂಘದಲ್ಲಿ ಆಡಿದ್ದು ನಾಳೆ ಮೀನುಪೇಟೆಯಲ್ಲಿ ಇರುತ್ತದೆ. ಸಂಘ ಮುಗಿದ ಮೇಲೆ ಇಬ್ಬಿಬ್ಬರಾಗಿ ಕುಳಿತುಕೊಳ್ಳುವುದು ಮೇಲು. ಭಟ್ಕಳದ ಮನೆಯಾಕೆಗೆ ಆ ಕಿವಿ ದುಬಾಯಿಯಲ್ಲಿರುವ ತಂಗಿಯದಾಗಿದ್ದರೂ ಆಗಬಹುದು, ಶುಕ್ರವಾರದ ಗಂಟೆ ತಪ್ಪದಿದ್ದರೆ ಸರಿ.

ಕುಡಿತದಿಂದ ಬಿಡಿಸಿಕೊಳ್ಳಬೇಕೆನ್ನುವವರಿಗೆ ಇಂಥ ಜತೆಯ ಒಂದು ದೊಡ್ಡ ಮಾದರಿ ಈಗಾಗಲೇ ಇದೆ. ಅಮೆರಿಕದಲ್ಲಿ ೧೯೩೫ರಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಶುಲ್ಕವೇ ಇಲ್ಲ. ಅದೇ ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಪ್ರಸಾರವನ್ನು ಪ್ರಾರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಕೇಂದ್ರದಿಂದಲೇ. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಒಂಟಿ ಮನೆಗೆ ಒಂದು ದನಿ ಎಷ್ಟು ದೊಡ್ಡದೆಂಬುದು ಮನಶ್ಶಾಸ್ತ್ರದವರಿಗೇ ಮೊದಲು ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಪುಸ್ತಕಗಳನ್ನೂ ಮರೆಯಬಾರದು. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರು ಮನಸ್ಸಿನ ರೋಗಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಕನ್ನಡ ಪುಸ್ತಕಗಳು ಒಂದು ಊಟದ ಬೆಲೆಗೆ ಸಿಕ್ಕುತ್ತವೆ. ಗ್ರಂಥಾಲಯದಲ್ಲಿ ಬಿಟ್ಟಿಯಾಗಿಯೇ ಸಿಕ್ಕಾವು. ೧೯೪೩ರ 'ಮಂಕುತಿಮ್ಮನ ಕಗ್ಗ'ವನ್ನು ತಲೆದಿಂಬಿನ ಬಳಿ ಇಟ್ಟುಕೊಂಡವರು ಎಷ್ಟೋ ಮಂದಿ. (ಕಗ್ಗವೆಂದರೆ ಕುಮಟೆಯ ಮಾಣಿಕಟ್ಟೆಯವರಿಗೆ ಮೊದಲು ನೆನಪಾಗುವುದು ಗುಂಡಪ್ಪನವರಲ್ಲ, ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಭತ್ತ.) ಕುಮಟಾ ತಾಲ್ಲೂಕಿನ ಹನೇಹಳ್ಳಿಯವರಾದ ಯಶವಂತ ಚಿತ್ತಾಲರ 'ಶಿಕಾರಿ'ಯನ್ನು, ೧೯೭೯ರ ಕಾದಂಬರಿ, ಓದಿದವರಿಗೆ ಭಯಗ್ರಸ್ತ ಮನಸ್ಸಿನ ಒಳಗು ಎಂಥದೆಂದು ತಿಳಿಯುತ್ತದೆ, ಆದರೆ ಕುಸಿದ ಹೊತ್ತಿನಲ್ಲಿ ಅದನ್ನು ಓದೆಂದು ನಾವು ಯಾರಿಗೂ ಹೇಳೆವು. ಸಂಕಲ್ಪಶಕ್ತಿಯೊಂದಿದ್ದರೆ ಎಲ್ಲವೂ ಸಾಧ್ಯವೆಂದು ಸಾರುವ ಪುಸ್ತಕಗಳನ್ನೂ ಭಾಷಣಗಳನ್ನೂ ದೂರವಿಡುವುದು ಒಳ್ಳೆಯದು. ಗುಣವಾಗದವನು ದುರ್ಬಲನೆಂಬ ಸೇರಿಸಿದ ಮಾತು ಅವುಗಳಲ್ಲಿ ಅಡಗಿರುತ್ತದೆ, ರೋಗಿಗೆ ರೋಗದ ಮೇಲೆ ನಾಚಿಕೆಯೊಂದು ಹೆಚ್ಚಾಗುತ್ತದೆ.

ಮಳೆಗಾಲಕ್ಕೆ ಈ ಸೀಮೆಯ ಹಿರಿಯರೇ ಒಂದು ಉಪಾಯ ಮಾಡಿದ್ದರು. ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ತಿಂಗಳುಗಳಲ್ಲಿ ಮನೆಗಳ ಜಗುಲಿಯಲ್ಲೂ ದೇವಸ್ಥಾನಗಳಲ್ಲೂ ತಾಳಮದ್ದಳೆ. ಅದು ಚಿಕಿತ್ಸೆಯಲ್ಲ, ಚಿಕಿತ್ಸೆಯೆಂದು ಹೇಳುವುದು ಅರ್ಥಧಾರಿಗಳಿಗೂ ಅವಮಾನ. ಆದರೆ ಕೊಡೆ ಹಿಡಿದು ಮನೆಯಿಂದ ಹೊರಟದ್ದು, ಹತ್ತು ಜನರ ನಡುವೆ ಕುಳಿತದ್ದು ನೋಟುಬುಕ್ಕಿನ ಲೆಕ್ಕಕ್ಕೆ ಅವಶ್ಯ ಸೇರುತ್ತದೆ.

ಸ್ವಪ್ರಯತ್ನಕ್ಕೆ ಒಂದು ಗಡಿಯಿದೆ. ಆ ಗಡಿಯನ್ನು ತಿಳಿಯದೆ ಈ ಉಪನ್ಯಾಸವನ್ನು ಕೇಳುವುದು ಕೇಳದಿರುವುದಕ್ಕಿಂತ ಕೇಡು. ಇಲ್ಲದ ದನಿಗಳು ಕೇಳಿಸುವವರು, ಅನ್ನನಿದ್ರೆಗಳನ್ನು ಬಿಟ್ಟವರು, ಹೆರಿಗೆಯಾದ ಮೇಲೆ ಮಗುವನ್ನೂ ನೋಡಲೊಲ್ಲದವರು, ಬದುಕು ಸಾಕು ಎನ್ನುವವರು, ಇವರಿಗೆ ನೋಟುಬುಕ್ಕು ಸಾಲದು. ಬದುಕು ಸಾಕೆಂದವರನ್ನು ಒಂಟಿಯಾಗಿ ಬಿಡಕೂಡದು, ತೋಟಕ್ಕೆ ಹೊಡೆಯುವ ಔಷಧಗಳನ್ನು ಬೀಗ ಹಾಕಿಡಬೇಕು, ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಲವು ವರ್ಷ ಹೆಚ್ಚಾಗಿ ಕುಡಿದವರು ಒಮ್ಮೆಲೇ ತಾವಾಗಿ ನಿಲ್ಲಿಸುವುದು ಪ್ರಾಣಾಪಾಯಕರ. ವೈದ್ಯರ ಕಣ್ಣೆದುರಿಗೆ ಬಿಡಬೇಕು. ಪಾತ್ರಿಯ ಹತ್ತಿರವೋ ದರ್ಗಾಕ್ಕೋ ಹೋಗುವವರೊಡನೆ ನಮಗೆ ಜಗಳವಿಲ್ಲ, ಅಲ್ಲಿಯೂ ಒಂದು ಕಿವಿ ಸಿಕ್ಕುತ್ತದೆ. ಆದರೆ ಮಾತ್ರೆ ನಿಲ್ಲಿಸೆಂದು ಹೇಳುವವನನ್ನೂ, ಸಾವಿರಗಟ್ಟಲೆ ಕೇಳುವವನನ್ನೂ ಅಲ್ಲಿಯೇ ಬಿಟ್ಟು ಬರಬೇಕು. ಎರಡು ಮೂರು ವಾರ ಕ್ರಮವಾಗಿ ನಡೆದೂ ಮನಸ್ಸು ಏಳದಿದ್ದರೂ ವೈದ್ಯರನ್ನು ಕಾಣತಕ್ಕದ್ದು. ರಕ್ತಹೀನತೆಯಿಂದಲೂ ಥೈರಾಯ್ಡ್ ದೋಷದಿಂದಲೂ ಇದೇ ದಣಿವು, ಇದೇ ಬೇಸರ ಬರುವುದುಂಟು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿಗೆ ವರ್ಷಗಟ್ಟಲೆ ಮನಸ್ಸನ್ನು ಬೈದುಕೊಳ್ಳಬೇಕಾಗಿಲ್ಲ.

ಇದಕ್ಕೆಲ್ಲ ಘಟ್ಟ ಹತ್ತಬೇಕಾದ ಕಾಲ ಹೋಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಕೈಗೆಟುಕುವ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಹೇಳಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಗೊತ್ತಾದ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಯಾವ ದಿನವೆಂಬುದನ್ನು ಊರಿನ ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಕೊಂಡು ಹೊರಟರೆ ಬಸ್ಸಿನ ದುಡ್ಡು ದಂಡವಾಗದು. ಹೊರಡಲಾಗದವರಿಗೆ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ದೂರವಾಣಿ ಇದೆ. ಸಂಖ್ಯೆ ೧೪೪೧೬. ಹಗಲೂ ರಾತ್ರಿಯೂ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಆಸ್ಪತ್ರೆಗಾಗಲಿ ದೂರವಾಣಿಯ ಬಳಿಗಾಗಲಿ ಹೋಗುವಾಗ ಆ ನೋಟುಬುಕ್ಕು ಜತೆಯಲ್ಲಿರಲಿ. ಎಷ್ಟು ದಿನದಿಂದ, ರಾತ್ರಿ ಎಷ್ಟು ಗಂಟೆ ನಿದ್ರೆ, ಏನನ್ನು ಮಾಡಿದರೆ ಎರಡು ನಾಲ್ಕಾಯಿತು ಎಂಬುದೆಲ್ಲ ಅದರಲ್ಲಿಯೇ ಇರುತ್ತದೆ. ವೈದ್ಯರು ಮೊದಲು ಕೇಳುವುದು ಅದನ್ನೇ.